ಪೀಠದ ಅಡಿಯ ನಾಲ್ವರು



ಇಟಲಿಯ ಪಶ್ಚಿಮ ಕರಾವಳಿಯ ಬಂದರು ನಗರ ಲಿವೋರ್ನೋಗೆ ನೀವು ಎಂದಾದರೂ ಹೋದರೆ, ಹಳೆಯ ಹಡಗುಕಟ್ಟೆಯ ಬಳಿಯ ಮಿಕೇಲಿ ಚೌಕದಲ್ಲಿ ತುಸು ಹೊತ್ತು ನಿಲ್ಲಿರಿ. ಅಲ್ಲಿ ಎತ್ತರದ ಪೀಠದ ಮೇಲೆ ತಸ್ಕನಿಯ ಮಹಾದೊರೆ ಒಂದನೆಯ ಫರ್ಡಿನಾಂಡನ ಅಮೃತಶಿಲೆಯ ಪ್ರತಿಮೆಯಿದೆ. ಪೀಠದ ನಾಲ್ಕು ಮೂಲೆಗಳಲ್ಲಿ ಸಂಕೋಲೆ ತೊಟ್ಟ, ಬರಿಮೈಯ ನಾಲ್ವರು ಕಂಚಿನ ಬಂದಿಗಳಿದ್ದಾರೆ. ಪಿಯೆತ್ರೋ ತಕ್ಕಾ ಎಂಬ ಶಿಲ್ಪಿ 1623ರಿಂದ 1626ರ ಅವಧಿಯಲ್ಲಿ ಇವರನ್ನು ರೂಪಿಸಿದನು. ಸ್ಮಾರಕಕ್ಕೆ ಜನರು ದೊರೆಯ ಹೆಸರನ್ನಿಟ್ಟು ಕರೆಯುವುದಿಲ್ಲ. ‘ಕ್ವಾತ್ರೋ ಮೋರಿ’, ಅಂದರೆ ‘ನಾಲ್ವರು ಮೂರ್ ಜನಾಂಗದವರು’ ಎನ್ನುತ್ತಾರೆ. ಉತ್ತರ ಆಫ್ರಿಕಾದ ಮುಸ್ಲಿಮರಿಗೆ ಅಂದಿನ ಯೂರೋಪು ಇಟ್ಟಿದ್ದ ಹೆಸರದು.

ಫರ್ಡಿನಾಂಡನು ಎಳೆಯ ವಯಸ್ಸಿನಲ್ಲೇ, 1563ರಲ್ಲಿ, ಕಾರ್ಡಿನಲ್ ಪದವಿ ಪಡೆದವನು. ಅಣ್ಣನ ಮರಣದ ನಂತರ 1587ರಲ್ಲಿ ದೊರೆಯಾಗಿ, ಮುಂದೆ ಆ ಪದವಿಯನ್ನು ತ್ಯಜಿಸಿ ವಿವಾಹವಾದನು. 1591 ಮತ್ತು 1593ರ ಶಾಸನಗಳ ಮೂಲಕ ಯೆಹೂದ್ಯರೂ ಸೇರಿದಂತೆ ಎಲ್ಲ ದೇಶಗಳ ವ್ಯಾಪಾರಿಗಳನ್ನು ಲಿವೋರ್ನೋಗೆ ಕರೆದು ರಕ್ಷಣೆ ನೀಡಿದನು. ಅದೇ ಬಂದರಿನಲ್ಲಿ ಸಂತ ಸ್ತೆಫಾನರ ಹೆಸರು ಹೊತ್ತ ಯೋಧಪಂಗಡದ ಹಡಗುಗಳು ಸೆರೆಹಿಡಿದು ತಂದವರು ಗುಲಾಮರಾಗಿ ಹುಟ್ಟುಹಾಕುತ್ತಿದ್ದರು. ಲಾಭ ತರುವವನಿಗೆ ಸ್ವಾಗತ, ಸೋತವನಿಗೆ ಸಂಕೋಲೆ: ಒಂದೇ ನಗರ ಎರಡನ್ನೂ ಬಲ್ಲದಾಗಿತ್ತು.

“ಅದು ಆ ಕಾಲದ ರೀತಿ, ಎದುರಾಳಿಗಳೂ ಕ್ರೈಸ್ತರನ್ನು ಹಿಡಿದು ಮಾರುತ್ತಿರಲಿಲ್ಲವೇ?” ಎಂದು ನೀವು ಕೇಳಬಹುದು. ಮಾರುತ್ತಿದ್ದುದು ನಿಜ. ಹಾಗೆ ಸೆರೆಯಾದವರನ್ನು ಬಿಡಿಸಲೆಂದೇ 1218ರಲ್ಲಿ ಸಂತ ಪೀಟರ್ ನೊಲಾಸ್ಕೊ ಬಾರ್ಸೆಲೋನಾದಲ್ಲಿ ಮರ್ಸಿಡೇರಿಯನ್ ಸಭೆಯನ್ನು ಸ್ಥಾಪಿಸಿದರು. ಅಗತ್ಯವಾದರೆ ಬಂದಿಗೆ ಬದಲಾಗಿ ತಾವೇ ಒತ್ತೆಯಾಗುವ ವ್ರತವನ್ನು ಆ ಸಭೆಯವರು ಸ್ವೀಕರಿಸುತ್ತಿದ್ದರು. ಎಂತಹ ಉದಾತ್ತ ತ್ಯಾಗ! ಆದರೆ ಇದೇ ಆ ವಾದಕ್ಕೆ ಉತ್ತರವೂ ಹೌದು. ಸೆರೆಯ ನೋವೇನು, ಬಿಡುಗಡೆಯ ಬೆಲೆಯೇನು ಎಂಬುದು ಆ ಕಾಲಕ್ಕೆ ಚೆನ್ನಾಗಿ ತಿಳಿದಿತ್ತು. ತಿಳಿದದ್ದನ್ನು ತನ್ನವರಿಗೆ ಮಾತ್ರ ಅನ್ವಯಿಸಿಕೊಂಡಿತು. ಅದು ಅಜ್ಞಾನವಲ್ಲ, ಗಡಿ ಹಾಕಿಕೊಂಡ ಕರುಣೆ.

ಗುಲಾಮ ಒನೇಸಿಮನನ್ನು ಸಹೋದರನೆಂದೇ ಬರಮಾಡಿಕೊಳ್ಳುವಂತೆ ಸಂತ ಪೌಲರು ಫಿಲೆಮೋನನಿಗೆ ಬರೆದು ಹದಿನೈದು ಶತಮಾನಗಳು ಆಗಲೇ ಕಳೆದಿದ್ದವು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಗುಲಾಮಗಿರಿಯನ್ನು ಮಾನವ ಘನತೆಗೆ ಎಸಗುವ ಅಪಮಾನಗಳ ಸಾಲಿಗೆ ಸೇರಿಸಿತು. ಪೋಪ್ ಎರಡನೆಯ ಜಾನ್ ಪಾಲರು 1992ರಲ್ಲಿ ಸೆನೆಗಾಲಿನ ಗೊರೇ ದ್ವೀಪದಲ್ಲಿ, ಗುಲಾಮರ ವ್ಯಾಪಾರದಲ್ಲಿ ಕ್ರೈಸ್ತರು ವಹಿಸಿದ ಪಾತ್ರಕ್ಕಾಗಿ ಕ್ಷಮೆಯಾಚಿಸಿದರು. ಕ್ಷಮೆ ಕೇಳುವುದರಿಂದ ಧರ್ಮಸಭೆ ಕುಗ್ಗುವುದಿಲ್ಲ. ಸತ್ಯವನ್ನು ಮರೆಮಾಡಿದರೆ ಕುಗ್ಗುತ್ತದೆ.

ತಕ್ಕಾ ಗುಲಾಮರ ಸೆರೆಮನೆಗೇ ಹೋಗಿ, ಅಲ್ಲಿದ್ದವರನ್ನು ಮಾದರಿಯಾಗಿಟ್ಟುಕೊಂಡನೆಂಬ ಮಾತಿದೆ. ದೊರೆಯ ವಿಜಯವನ್ನು ಸಾರಬೇಕಿದ್ದ ಕಂಚಿನಲ್ಲಿ ಅವನು ಸೋತವರ ಸಂಕಟವನ್ನೇ ಅಚ್ಚೊತ್ತಿದನು. ಅವರ ಮುಖ ನೋಡಿದ ಮೇಲೆ ಪೀಠದ ಮೇಲಿನವನ ವೈಭವ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಪ್ರಿಯರೇ, ಆ ಚೌಕದಲ್ಲಿ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತರೆ ನಾಲ್ವರ ಮೂಗುಗಳೂ ಒಟ್ಟಿಗೆ ಕಾಣುತ್ತವೆ. ಹಾಗೆ ಕಂಡರೆ ಶುಭವೆಂದು ಊರಿನವರ ನಂಬಿಕೆ. ಅದೃಷ್ಟದ ಮಾತು ಹಾಗಿರಲಿ. ಇದ್ದಲ್ಲೇ ನಿಂತರೆ ಆ ನಾಲ್ವರೂ ಕಾಣುವುದಿಲ್ಲ, ನಾವು ಹೆಜ್ಜೆ ಬದಲಿಸಬೇಕು ಎಂಬುದು ಮಾತ್ರ ನಿಜ. ಈ ಹಸಿದವರಲ್ಲಿ, ಸೆರೆಯಲ್ಲಿದ್ದವರಲ್ಲಿ ನನ್ನನ್ನೇ ಕಂಡಿರಿ ಎಂದು ನುಡಿದ ಪ್ರಭು ನಮ್ಮಿಂದ ಬಯಸುವುದೂ ಅದನ್ನೇ. ನಿಮ್ಮ ಕರುಣೆಯ ಗಡಿ ಎಲ್ಲಿದೆ? ಅದರಾಚೆ ಕುಳಿತಿರುವವರು ಯಾರು? ಈ ತಿಂಗಳ ಆತ್ಮಶೋಧನೆಗೆ ಈ ಎರಡು ಪ್ರಶ್ನೆಗಳು ಸಾಕು.