ದೂರು ಯಾರ ಮೇಲೆ?



ಪ್ರೀತಿಸಿದ ಇಬ್ಬರು ಎಳೆಯರು ಸತ್ತರೆಂಬ ಸುದ್ದಿ ಬಂದ ದಿನ ನಮ್ಮ ಊರುಗಳಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಭದ್ರಾವತಿಯ ಕ್ವಾರ್ಟರ್ಸ್ ಆಗಲಿ, ಶಿವಮೊಗ್ಗದ ಬಸ್ ನಿಲ್ದಾಣವಾಗಲಿ, ಮಣ್ಣು ಮಾಡುವ ಮೊದಲೇ ಪಂಚಾಯಿತಿ ಕೂರುತ್ತದೆ. "ಹೆತ್ತವರು ಬಿಗಿ ಮಾಡಲಿಲ್ಲ" ಎಂದು ಒಬ್ಬರು, "ಅತಿ ಬಿಗಿ ಮಾಡಿದರು" ಎಂದು ಇನ್ನೊಬ್ಬರು. ಹುಡುಗಿಯ ನಡತೆ, ಹುಡುಗನ ಜಾತಿ, ಸಿನಿಮಾ, ಮೊಬೈಲು ಎಲ್ಲವೂ ಕಟಕಟೆ ಹತ್ತುತ್ತವೆ. ತೀರ್ಪು ಕೊಡುವವರ ಹೆಸರು ಮಾತ್ರ ಆರೋಪಿಗಳ ಪಟ್ಟಿಯಲ್ಲಿ ಇರುವುದಿಲ್ಲ. ಇದು ಹಳೆಯ ಚಾಳಿ. ಏದೆನ್ ತೋಟದಲ್ಲಿ ದೇವರು ವಿಚಾರಿಸಿದಾಗ ಆದಾಮ ಹವ್ವಳತ್ತ ಬೆರಳು ತೋರಿಸಿದ, ಹವ್ವ ಹಾವಿನತ್ತ ತೋರಿಸಿದಳು.

ಹಾವೆಂದರೆ ನೆನಪಾಗುವುದು 'ನಾಗರಹಾವು'. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಚಿತ್ರ. ಕಥೆ ನಡೆಯುವ ಚಿತ್ರದುರ್ಗ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದೊಳಗೇ ಇದೆ. ಸಾಯುವ ಹುಡುಗಿ ಮಾರ್ಗರೆಟ್ ನಮ್ಮಂತೆ ಕ್ರೈಸ್ತಳು. ಹಾಗಾಗಿ ಆ ಸಾವಿನ ಲೆಕ್ಕ ಕೇಳುವ ಹಕ್ಕು ನಮಗೂ ಇದೆ.

ನಿಮ್ಮಲ್ಲಿ ಹೆಚ್ಚಿನವರು ನೋಡಿರುತ್ತೀರಿ. ರಾಮಾಚಾರಿ ಮುಂಗೋಪಿ, ಊರಿನ ಕಣ್ಣಿಗೆ ತಂಟೆಕೋರ. ಅವನನ್ನು ಮಗನಂತೆ ಕಂಡವರು ಚಾಮಯ್ಯ ಮೇಷ್ಟರು. ಅವನು ಅಲಮೇಲುವನ್ನು ಪ್ರೀತಿಸಿದಾಗ ಜಾತಿ ಅಡ್ಡ ಬಂತು. ಮೇಷ್ಟರು ಬಿಟ್ಟುಬಿಡು ಎಂದರು. ಗುರುವಿನ ಮಾತಿಗೆ ಕಟ್ಟುಬಿದ್ದು ಬಿಟ್ಟ. ಅವಳನ್ನು ಬೇರೆಡೆ ಮದುವೆ ಮಾಡಿಕೊಟ್ಟರು. ಮುಂದೊಂದು ದಿನ ಅವಳು ಅವನ ಕಣ್ಣಿಗೆ ಬಿದ್ದದ್ದು ಮೈ ಮಾರಿಕೊಂಡು ಬದುಕುವ ಸ್ಥಿತಿಯಲ್ಲಿ. ಆಮೇಲೆ ಮಾರ್ಗರೆಟ್ ವಿಷಯದಲ್ಲಿ ಮೇಷ್ಟರು ಮತ್ತೆ ಬೇಡವೆಂದಾಗ ಅವನಲ್ಲಿ ವಿಧೇಯತೆ ಉಳಿದಿರಲಿಲ್ಲ. ಬೆಟ್ಟದ ಮೇಲಿನ ಆ ವಾಗ್ವಾದದಲ್ಲಿ ಮೇಷ್ಟರು ಬಿದ್ದು ಸತ್ತರು. ಹಿಂದೆಯೇ ಹುಡುಗ ಹುಡುಗಿ ಹಾರಿದರು.

ಕೊಂದವರು ಯಾರು? ಜಾತಿ, ಮತ, ಊರಿನ ಬಾಯಿ, ಹೌದು. ರಾಮಾಚಾರಿಯ ಸಿಟ್ಟು, ಅದೂ ಹೌದು; ಆ ಸಾವನ್ನು ಪ್ರೇಮದ ಗೆಲುವೆಂದು ಹೊಗಳುವವರ ಜತೆ ನಾನಿಲ್ಲ, ಜೀವ ದೇವರದು. ಆದರೆ ನನ್ನ ಕಣ್ಣು ಹೋಗಿ ನಿಲ್ಲುವುದು ಮೇಷ್ಟರ ಮೇಲೆ. ಅವರು ಕೆಟ್ಟವರಲ್ಲ, ಕಷ್ಟವಿರುವುದೇ ಅಲ್ಲಿ. ಕೆ.ಎಸ್. ಅಶ್ವಥ್ ಅವರ ಮುಖ ನೆನೆದರೆ ತಪ್ಪು ಹೊರಿಸಲು ಮನಸ್ಸೇ ಬರುವುದಿಲ್ಲ. ಆದರೂ ಆ ಹುಡುಗನ ಪ್ರೀತಿಯನ್ನು ಅವರು ಸಾಲಪತ್ರದಂತೆ ಮುಂದೆ ಹಿಡಿದರು. ತ್ಯಾಗ ಕೇಳಿದವರು ಮೇಷ್ಟರು, ಬೆಲೆ ತೆತ್ತವಳು ಅಲಮೇಲು.

ಷೇಕ್ಸ್‌ಪಿಯರನ 'ರೋಮಿಯೋ ಜೂಲಿಯೆಟ್' ನಾಟಕದಲ್ಲೂ ಇಂಥ ಹಿರಿಯರೊಬ್ಬರಿದ್ದಾರೆ. ಲಾರೆನ್ಸ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ, ನಮ್ಮವರೇ ಎನ್ನಬೇಕು. ಎರಡು ಮನೆತನಗಳ ಹಗೆ ತೀರೀತೆಂಬ ಸದುದ್ದೇಶದಿಂದ, ಹದಿನಾಲ್ಕೂ ತುಂಬದ ಹುಡುಗಿಗೆ ಗುಟ್ಟಾಗಿ ಮದುವೆ ಮಾಡಿಸುತ್ತಾರೆ. (ಇಂಥ ಗುಟ್ಟಿನ ಮದುವೆಗಳನ್ನು ತಡೆಯಲೆಂದೇ ತ್ರೆಂತ್ ಮಹಾಸಭೆ 1563ರಲ್ಲಿ ಧರ್ಮಕೇಂದ್ರದ ಗುರುವೂ ಇಬ್ಬರು ಸಾಕ್ಷಿಗಳೂ ಇರಬೇಕೆಂದು ವಿಧಿಸಿತು.) ತಂದೆ ಬೇರೆ ವರನನ್ನು ಗೊತ್ತುಮಾಡಿ, ಒಪ್ಪದಿದ್ದರೆ ಬೀದಿಪಾಲು ಮಾಡುವೆನೆಂದು ಮಗಳನ್ನು ಗದರಿಸಿದಾಗಲೂ ಸನ್ಯಾಸಿ ಹೋಗಿ ನಿಜ ಹೇಳಲಿಲ್ಲ, ಸತ್ತಂತೆ ಮಲಗಿಸುವ ಔಷಧಿ ಕೊಟ್ಟರು. ರೋಮಿಯೋಗೆ ಕಳಿಸಿದ ಪತ್ರ ಪ್ಲೇಗಿನ ದಿಗ್ಬಂಧನದಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಸಮಾಧಿಯೊಳಗೆ ಎಚ್ಚರಗೊಂಡ ಹುಡುಗಿಯನ್ನು ಬಾ ಎಂದು ಕರೆದು, ಅವಳು ಬಾರದಿದ್ದಾಗ, ಕಾವಲಿನವರ ಸದ್ದಿಗೆ ಹೆದರಿ ಒಬ್ಬಳನ್ನೇ ಬಿಟ್ಟು ಹೊರಗೋಡಿದರು. ಪ್ಲೇಗಿಗೆ ಅವರು ಹೊಣೆಯಲ್ಲ, ಆ ಓಟಕ್ಕೆ ಹೊಣೆ. ಆ ನಾಟಕದಲ್ಲಿ ನನಗೆ ಮೆಚ್ಚುಗೆಯಾಗುವವನು ಊರಿನ ಅರಸ. ಎಲ್ಲರನ್ನೂ ವಿಚಾರಿಸುವಾಗ, ಹಗೆಯನ್ನು ಕಂಡೂ ಕಾಣದಂತಿದ್ದ ತನ್ನನ್ನೂ ತಪ್ಪಿತಸ್ಥರಲ್ಲಿ ಸೇರಿಸಿಕೊಳ್ಳುತ್ತಾನೆ.

ಇನ್ನು ನಮ್ಮ ಮನೆಗಳ ಮಾತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ ಮೇಲೆ ತಮಿಳರು, ಮಲಯಾಳಿಗಳು, ತೆಲುಗರು, ಕೊಂಕಣಿಗರು ಬಂದು ಒಂದೇ ಸಾಲಿನ ಮನೆಗಳಲ್ಲಿ ಬಾಳಿದರು. ಮಕ್ಕಳು ಒಂದೇ ಶಾಲೆಯಲ್ಲಿ ಕಲಿತು ಒಂದೇ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋದರು. ಜತೆಯಲ್ಲಿ ಬೆಳೆದವರು ಒಬ್ಬರನ್ನೊಬ್ಬರು ಮೆಚ್ಚಿದರೆ ನಾವು ಬೆಚ್ಚಿಬೀಳುವುದೇಕೆ?

"ಅನ್ಯಮತದವನು, ಧರ್ಮಸಭೆ ಒಪ್ಪುವುದಿಲ್ಲ" ಎಂದು ಬಾಗಿಲು ಹಾಕುವವರು ಧರ್ಮಸಭೆಯನ್ನು ಕೇಳಿಯೇ ಇರುವುದಿಲ್ಲ. 1983ರ ಕಾನೂನು ಸಂಹಿತೆಯ 1086ನೆಯ ವಿಧಿಯಂತೆ ದೀಕ್ಷಾಸ್ನಾನ ಪಡೆಯದವರೊಡನೆ ಮದುವೆಗೆ ಅಡ್ಡಿಯುಂಟು, ನಿಜ. ಧರ್ಮಾಧ್ಯಕ್ಷರು ಅದರಿಂದ ವಿನಾಯಿತಿ ಕೊಡಬಹುದು ಎಂಬುದೂ ನಿಜ. ಕಥೋಲಿಕ ವ್ಯಕ್ತಿ ತನ್ನ ವಿಶ್ವಾಸವನ್ನು ಕಾಪಾಡಿಕೊಳ್ಳುವೆನೆಂದೂ, ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುವೆನೆಂದೂ ಮಾತು ಕೊಡಬೇಕು. ಆ ಮಾತು ಇನ್ನೊಬ್ಬರಿಗೂ ತಿಳಿದಿರಬೇಕು. 1103ನೆಯ ವಿಧಿಯನ್ನಂತೂ ನಮ್ಮ ಅಪ್ಪಂದಿರು ಓದಬೇಕು: ಬಲವಂತಕ್ಕೋ ಘೋರ ಭಯಕ್ಕೋ ಸಿಕ್ಕಿ ಮಾಡಿಕೊಂಡ ಮದುವೆ ಸಿಂಧುವಲ್ಲ. ಹೊಡೆದು ಬಡಿದು "ನಮ್ಮವನಿಗೇ" ಕಟ್ಟಿದ ಮದುವೆಗೆ ಸಾವಿರ ಜನ ಬಂದು ಉಂಡು ಹೋದರೂ ಅಷ್ಟೇ.

ಕೇಳಿದ್ದಕ್ಕೆಲ್ಲ ಹೂಂ ಎನ್ನಿರೆಂದು ಹೇಳುತ್ತಿಲ್ಲ. ಬೇಡವೆನ್ನಲು ಹೆತ್ತವರಿಗೆ ಕಾರಣಗಳಿರಬಹುದು: ವಯಸ್ಸು, ಕುಡಿತ, ದುಡಿಮೆ. ಅವನ್ನು ಬಾಯಿಬಿಟ್ಟು ಹೇಳಿ, ಮಕ್ಕಳು ಹೇಳುವುದನ್ನೂ ಪೂರ್ತಿ ಕೇಳಿ.

ಸಿಲೋವಾಮಿನ ಗೋಪುರ ಬಿದ್ದು 18 ಮಂದಿ ಸತ್ತರಲ್ಲ, ಅವರು ಉಳಿದವರಿಗಿಂತ ಪಾಪಿಗಳೆಂಬುದನ್ನು ಯೇಸುಸ್ವಾಮಿ ಒಪ್ಪಲಿಲ್ಲ. ಮಾತನ್ನು ಕೇಳುತ್ತಿದ್ದವರ ಕಡೆಗೇ ತಿರುಗಿಸಿದರು. ಪೂಜೆಯಲ್ಲಿ ಎದೆ ತಟ್ಟಿಕೊಳ್ಳುವಾಗ ನಾವು ಮಾಡಿದ್ದನ್ನಷ್ಟೇ ಅಲ್ಲ, ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುತ್ತೇವೆ. ಪಕ್ಕದವರ ಎದೆ ತಟ್ಟುವ ಪದ್ಧತಿ ನಮ್ಮಲ್ಲಿಲ್ಲ.

ತೀರಿಹೋದವರ ವಿಷಯದಲ್ಲಿ ಒಂದು ಮಾತು. ಬೇಕೆಂದೇ ಜೀವ ಕಳೆದುಕೊಂಡವರಿಗೆ 1917ರ ಸಂಹಿತೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರದರಲ್ಲಿ ಆ ನಿಷೇಧವಿಲ್ಲ. ಅವರ ಆತ್ಮಗಳಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ. ಅಂಥ ಮನೆಗೆ ಹೋದಾಗ ಹೇಗಾಯಿತು, ಏಕಾಯಿತು ಎಂದು ಕೆದಕಬೇಡಿ. ಜಪಸರ ಹಿಡಿದು ಆ ತಾಯಿಯ ಪಕ್ಕ ಕುಳಿತುಕೊಳ್ಳಿ.

ಬದುಕಿರುವ ಮಕ್ಕಳಲ್ಲಿ ಒಬ್ಬಳು, ನಿಮ್ಮ ಅಕ್ಕನ ಮಗಳೋ ನೆರೆಮನೆಯವಳೋ, ನಿಮ್ಮೊಬ್ಬರ ಹತ್ತಿರ ಹೆಸರೊಂದನ್ನು ಹೇಳಿಕೊಂಡರೆ ಗುಟ್ಟಿನ ಮದುವೆಗೆ ಓಡಾಡಬೇಡಿ, ಮರೆತುಬಿಡೆಂದು ಆಣೆಯನ್ನೂ ಹಾಕಿಸಿಕೊಳ್ಳಬೇಡಿ. ಸಿಟ್ಟಿನ ಮನೆಯಾದರೆ ಮೊದಲು ಅವಳೊಡನೆ ಗುರುಗಳ ಬಳಿಗೆ ಹೋಗಿ, ಆಮೇಲೆ ಅವರನ್ನೂ ಕರೆದುಕೊಂಡು ಅವಳಪ್ಪನ ಮುಂದೆ ಕೂರಿ. ಸಾಯುವ ಮಾತು ಅವಳ ಬಾಯಿಂದ ಬಂದರೆ ಅವಳನ್ನು ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ನೀವೇ ಫೋನ್ ಮಾಡಿಕೊಡಿ, ಅವಳು ಮಾತಾಡಿ ಮುಗಿಸುವವರೆಗೂ ಪಕ್ಕದಲ್ಲೇ ಇರಿ.