ಗುಂಡು ನಿಂತರೆ ಶಾಂತಿ ಬಂತೇ?



ಇಂದಿನ ಚಿಂತನೆಗೆ ಒಂದು ಪ್ರಶ್ನೆ. ಮಗನನ್ನು ಸೇನೆಗೆ ಕಳುಹಿಸಿದವರು 'ಯುದ್ಧ ಬೇಡ' ಎನ್ನಬಹುದೇ?

ನಮ್ಮ ಮಗ ಸೇನೆಯಲ್ಲಿದ್ದಾನೆ. 2025ರ ಮೇ 10ರ ಸಂಜೆ ಭಾರತ, ಪಾಕಿಸ್ತಾನ ಎರಡೂ ದಾಳಿ ನಿಲ್ಲಿಸಲು ಒಪ್ಪಿದ ಸುದ್ದಿ ಬಂದ ಮೇಲೆಯೇ ಅವನ ತಾಯಿ ಸರಿಯಾಗಿ ಊಟ ಮಾಡಿದ್ದು. ಮರುದಿನ ಬಸವೇಶ್ವರನಗರದ ಪಾರ್ಕಿನಲ್ಲಿ ಪರಿಚಯದವರೊಬ್ಬರು, "ಏನ್ ಮೇಷ್ಟ್ರೇ, ಇನ್ನೂ ನಾಲ್ಕು ದಿನ ನಡೀಬೇಕಿತ್ತು, ಅಲ್ವಾ?" ಎಂದರು. ಸೈನಿಕನ ತಂದೆ ಹೌದೆನ್ನಲೇಬೇಕು ಎಂಬುದು ಅವರ ನಂಬಿಕೆ. "ಆ ನಾಲ್ಕು ದಿನದಲ್ಲಿ ಯಾರ ಮನೆಯ ಮಗ ಹೋಗಬೇಕು ಸಾರ್?" ಎಂದೆ. ಅವರು ಮಾತು ಬದಲಿಸಿದರು.

ಶಾಂತಿ ಬೇಕು ಎನ್ನುವುದು ಸೈನಿಕನಿಗೆ ಅವಮಾನವಲ್ಲ. ಸೇನೆ ನಮಗೆ ಹೊರಗಿನದೂ ಅಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಸೇನೆಯ ಸುಬೇದಾರರು, ಅಲ್ಲಿನ ಶಾಲೆಯ ಶಿಕ್ಷಕರು. ಊರ ಬಾವಿ ಮುಟ್ಟಲು ಬಿಡದಿದ್ದ ಕಾಲದಲ್ಲಿ ಆ ಕುಟುಂಬಕ್ಕೆ ಅಕ್ಷರ, ಸಂಬಳ, ಮರ್ಯಾದೆ ಸಿಕ್ಕಿದ್ದು ಸೇನೆಯಿಂದ. ನನ್ನ ಮಗನ ಸಮವಸ್ತ್ರ ನೋಡಿದಾಗ ನನಗೂ ಎದೆ ತುಂಬುತ್ತದೆ. ಆ ಹೆಮ್ಮೆ ಉಳಿಯಲು ಯುದ್ಧ ನಡೆಯುತ್ತಲೇ ಇರಬೇಕಿಲ್ಲ.

ಹಾಗಾದರೆ ಗುಂಡು ನಿಂತರೆ ಸಾಕೇ? ಸಾಲದು ಎನ್ನುತ್ತದೆ ಧಾರವಾಡ ಜಿಲ್ಲೆಯ ಬೆಟದೂರಿನ ನೋವು. ಆ ಊರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕರು. ಜೊತೆಗಿದ್ದ ಒಂಬತ್ತು ಮಂದಿ ತೀರಿಕೊಂಡರು. ಆರು ದಿನ ಹಿಮದಡಿ ಜೀವ ಹಿಡಿದಿದ್ದ ಅವರು ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರ ಮೇಲೆ ಯಾರೂ ಗುಂಡು ಹಾರಿಸಿರಲಿಲ್ಲ. 2003ರ ನವೆಂಬರ್‌ನಿಂದಲೇ ಅಲ್ಲಿ ಕದನ ವಿರಾಮವಿತ್ತು. 2012ರ ಏಪ್ರಿಲ್‌ನಲ್ಲಿ ಆ ಕಡೆಯ ಗಯಾರಿಯಲ್ಲೂ ಪಾಕಿಸ್ತಾನದ 140 ಮಂದಿ ಹಿಮದಡಿ ಸತ್ತಿದ್ದರು. ಗುಂಡು ನಿಂತಿತ್ತು, ಜಗಳ ತೀರಿರಲಿಲ್ಲ. ತೀರದ ಜಗಳವನ್ನು ಕಾಯಲು ಎರಡೂ ಕಡೆಯ ಮಕ್ಕಳು ಆ ಮಂಜಿನಲ್ಲಿ ನಿಂತಿದ್ದರು.

ಜಗಳ ತೀರುವುದು ಹೇಗೆ? 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹೇಳುವ ರೋಹಿಣಿ ನದಿಯ ಪ್ರಸಂಗ ನಮಗೆಲ್ಲ ಗೊತ್ತು. ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಸಿದ್ಧಾರ್ಥರು ಬರೀ 'ಬೇಡ' ಎನ್ನಲಿಲ್ಲ. ಎರಡೂ ಕಡೆಯಿಂದ ಇಬ್ಬಿಬ್ಬರು ಬರಲಿ, ಆ ನಾಲ್ವರು ಐದನೆಯವರನ್ನು ಆರಿಸಲಿ, ಐವರೂ ಕೂತು ತೀರ್ಮಾನಿಸಲಿ ಎಂದರು. ಸಭೆ ಒಪ್ಪಲಿಲ್ಲ. ಅವರು ಮನೆ ಬಿಟ್ಟರು. ಶುದ್ಧೋದನ, ಗೌತಮಿ ಅತ್ತರು. ಆಮೇಲೆ ಶಾಂತಿ ಬಂದಾಗ ನೀರಿನ ಪ್ರತಿ ತಕರಾರನ್ನೂ ತೀರಿಸಲು ಒಂದು ಕಾಯಂ ಮಂಡಳಿ ಆಯಿತು. ಗಮನಿಸಿ, ಬದಲಾದದ್ದು ಮನಸ್ಸು ಮಾತ್ರವಲ್ಲ. ನಾಳೆ ಮತ್ತೆ ಸಿಟ್ಟು ಬಂದರೆ ಹೋಗಿ ಕೂರಲು ಒಂದು ಜಾಗವೂ ಆಯಿತು.

ಇದು ದೂರದ ಕಥೆಯಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿಗಾಗಿ ನಮ್ಮ ಪಶ್ಚಿಮ ಬೆಂಗಳೂರೇ ಹೊತ್ತಿ ಉರಿಯಿತು. ನಾಯಂಡಹಳ್ಳಿಯ ಬಳಿ ಬಸ್ಸುಗಳು ಸಾಲಾಗಿ ಸುಟ್ಟವು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರಿಗೆ ಒಬ್ಬ ಯುವಕ ಬಲಿಯಾದ. ವಿಜಯನಗರ, ರಾಜಾಜಿನಗರ, ಕೆಂಗೇರಿಯಲ್ಲಿ ಕರ್ಫ್ಯೂ. 2018ರಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಮಳೆ ಕೈಕೊಟ್ಟ 2023ರಲ್ಲಿ ಮತ್ತೆ ಸಿಟ್ಟು, ಮತ್ತೆ ಬಂದ್. ಆದರೆ ಬಸ್ಸುಗಳು ಹಾಗೆ ಉರಿಯಲಿಲ್ಲ. ಪ್ರಾಧಿಕಾರವೊಂದೇ ಕಾರಣ ಎನ್ನಲಾರೆ. ಆದರೂ ದೂರು ಕೊಡಲು ಒಂದು ಬಾಗಿಲಿದ್ದರೆ ಕಲ್ಲು ಎತ್ತುವ ಕೈ ಒಂದು ಕ್ಷಣ ಯೋಚಿಸುತ್ತದೆ.

ಶಾಂತಿಯ ಸುದ್ದಿ ಕೇಳಿಯೂ ಸಿದ್ಧಾರ್ಥರು ಮನೆಗೆ ಮರಳಲಿಲ್ಲ. ರಾಜ್ಯ ರಾಜ್ಯಗಳ ಜಗಳ ಆಗೊಮ್ಮೆ ಈಗೊಮ್ಮೆ ಬರುವುದು, ವರ್ಗ ವರ್ಗಗಳ ನಡುವಿನದು ದಿನವೂ ಇರುವುದು ಎಂದು ಅವರಿಗೆ ಕಂಡಿತು. ಇದರ ಅರ್ಥ ನನಗೆ ಆದದ್ದು ವಿಜಯನಗರದಲ್ಲಿ. ರಜೆಗೆ ಬಂದ ಮಗನೊಡನೆ ಬಾಡಿಗೆ ಮನೆ ನೋಡಲು ಹೋಗಿದ್ದೆ. ಸೈನಿಕ ಎಂದು ತಿಳಿದು ಮಾಲೀಕರು ಕೈಮುಗಿದರು. ಮರುಮಾತಿಗೇ, "ನೀವು ಯಾವ ಜನ?" ಎಂದರು. ಮನೆ ಸಿಗಲಿಲ್ಲ. ಯಾವ ಕದನ ವಿರಾಮವೂ ಆ ಪ್ರಶ್ನೆಯನ್ನು ಮುಟ್ಟಿಲ್ಲ. ಶಾಶ್ವತ ಶಾಂತಿ ಎಂದರೆ ಗಡಿಯಲ್ಲಿ ಮಾತುಕತೆಯೂ ಹೌದು, ನಮ್ಮ ಬೀದಿಯಲ್ಲಿ ಸಮಾನತೆಯೂ ಹೌದು.

ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದವರನ್ನು ಮರೆಯಿರಿ ಎಂದು ನಾನು ಹೇಳುತ್ತಿಲ್ಲ. ಕೊಂದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಆಚೆ ಹುಟ್ಟಿದ್ದಕ್ಕೇ ಎಲ್ಲರನ್ನೂ ದ್ವೇಷಿಸುವುದು ಬೇರೆ. ಮನುಷ್ಯರನ್ನು ಹುಟ್ಟಿನಿಂದ ಅಳೆಯುವುದು ಎಂಥದ್ದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇಂದು ಮೈತ್ರಿ ಧ್ಯಾನಕ್ಕೆ ಕೂತಾಗ ನಮ್ಮ ಮಕ್ಕಳ ಜೊತೆ, ಗಡಿಯ ಆಚೆ ಅದೇ ಚಳಿಯಲ್ಲಿ ನಿಂತ ಹುಡುಗನನ್ನೂ, ಅವನ ಫೋನಿಗೆ ಕಾಯುವ ತಾಯಿಯನ್ನೂ ನೆನೆಯೋಣ. ದ್ವೇಷದ ವಿಡಿಯೋ ಬಂದರೆ ಮುಂದಕ್ಕೆ ಕಳುಹಿಸದೆ ನಮ್ಮಲ್ಲೇ ನಿಲ್ಲಿಸೋಣ. ಮನೆಯಲ್ಲೋ ಬೀದಿಯಲ್ಲೋ ಹಳೆಯ ಜಗಳವೊಂದಿದ್ದರೆ, ಐದು ಜನ ಕೂತು ಮಾತಾಡಲು ಈ ವಾರವೇ ಒಂದು ದಿನ ಗೊತ್ತುಮಾಡೋಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.