ಉಪಯೋಗ ಏನು?

ಸುಶಿಗೆ ಸುತ್ತಿರುತ್ತಲ್ಲ ಕಪ್ಪು ಹಾಳೆ, ಅದು ನೋರಿ ಅನ್ನೋ ಕಡಲಪಾಚಿ. ಅದರ 'ಬೀಜ' ಎಲ್ಲಿಂದ ಬರುತ್ತೆ ಅಂತ ಜಪಾನಿನ ಬೆಳೆಗಾರರಿಗೇ ಗೊತ್ತಿರಲಿಲ್ಲ. ಸುಳಿವು ಕೊಟ್ಟಿದ್ದು ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್. ಮದುವೆಯಾದರು ಅಂತ ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆದಿತ್ತು, ಸಂಶೋಧನೆ ಬಿಡಲಿಲ್ಲ. ಬೇರೆ ಜೀವಿ ಅಂದುಕೊಂಡಿದ್ದ, ಚಿಪ್ಪಿನೊಳಗಿನ ಗುಲಾಬಿ ಪಾಚಿ ಈ ಕುಲದ್ದೇ ಇನ್ನೊಂದು ಅವಸ್ಥೆ ಅಂತ 1949ರಲ್ಲಿ ಬರೆದರು. ಅದರ ಮೇಲೆ ಜಪಾನಿನ ನೋರಿ ಕೃಷಿ ಬೆಳೆಯಿತು. ಅವರು ಜಪಾನ್ ನೋಡಲೇ ಇಲ್ಲ, 1957ರಲ್ಲಿ ತೀರಿಕೊಂಡರು. 1963ರಲ್ಲಿ ಅಲ್ಲಿ ಅವರಿಗೊಂದು ಸ್ಮಾರಕ ಎದ್ದಿತು.

'ಇದರಿಂದ ಉಪಯೋಗ ಏನು?' ಅಪ್ಪನೂ ಕೇಳ್ತಿದ್ರು, ಮ್ಯಾನೇಜರೂ ಕೇಳ್ತಾರೆ. ಪ್ರಶ್ನೆ ತಪ್ಪಲ್ಲ. ಉತ್ತರ ಈ ಕ್ವಾರ್ಟರ್‌ನಲ್ಲೇ ಬರಬೇಕು, ನಮಗೇ ಸಿಗಬೇಕು ಅನ್ನೋದು ಮಾತ್ರ ದುರಾಸೆ. ಹಾಗೆ ಲೆಕ್ಕ ಹಾಕಿದ್ದರೆ ನಮ್ಮೂರಲ್ಲಿ ಒಂದು ಹುಣಸೆಮರವೂ ಇರ್ತಿರಲಿಲ್ಲ.